ಕಂಬದ ಮೇಲಿನ ಅಂಕಿ

ನನ್ನ ಮೈದುನ ಅಸನ್‌ಬೆಕ್‌ನ ಮೂಗು ಒಡೆದದ್ದು ನಮ್ಮ ಬೀದಿಯ ಇಶೆನ್. ಟ್ರಾನ್ಸ್‌ಫಾರ್ಮರಿನ ಕೆಳಗೆ, ಹಾಡಹಗಲಲ್ಲೇ, ಬೀದಿಯ ಗಂಡಸರೆಲ್ಲ ಸುತ್ತ ನಿಂತಿರುವಾಗ. ಮೊದಲ ಏಟಿಗೆ ಟೋಪಿ ಹಾರಿತು, ಎರಡನೆಯದಕ್ಕೆ ರಕ್ತ ಚಿಮ್ಮಿತು, ಆಮೇಲೆ ಅವನು ಹಿಮದಲ್ಲಿ ಮಂಡಿಯೂರಿದ. ಅವನು ಬಿದ್ದ ಮೇಲೆ ಉಳಿದವರೂ ಒಂದೊಂದು ಒದೆ ಹಾಕಿದರು. ಬಿದ್ದವನನ್ನು ಒದೆಯುವುದಕ್ಕೆ ಎಷ್ಟು ಧೈರ್ಯ ಬೇಕೋ ಅಷ್ಟು ನಮ್ಮ ಬೀದಿಯ ಗಂಡಸರಲ್ಲಿ ಯಾವಾಗಲೂ ಇರುತ್ತದೆ.

ಅವನ ತಪ್ಪು ಇಷ್ಟೇ: ಸಂಜೆಯಾದರೆ ಫ್ಯೂಸು ಹೋಗುತ್ತಿತ್ತು. ಆ ಚಳಿಗಾಲ ಗಣಿಯ ದಾರಿಯ ಮೇಲೆ ಹಿಮ ಕುಸಿದು ನಾರಿನ್ ಬೆಟ್ಟಗಳ ಕಡೆಯ ನಮ್ಮ ಹಳ್ಳಿಗಳಿಗೆ ಕಲ್ಲಿದ್ದಲು ಬರಲೇ ಇಲ್ಲ. ಹಗಲಲ್ಲಿ ಸೆಗಣಿಯ ಬೆರಣಿ ಸುಟ್ಟು ಕಾಲ ಹಾಕಿದ ಜನ ಸಂಜೆಗೆ ಮೇಕೆಗಳನ್ನು ಹಚ್ಚುತ್ತಿದ್ದರು. ಮೇಕೆ ಎಂದರೆ ಕುರಿಹಟ್ಟಿಯ ಮೇಕೆಯಲ್ಲ. ಸಿಮೆಂಟು ಕೊಳವೆಗೆ ದಪ್ಪ ತಂತಿ ಸುತ್ತಿ, ಕಬ್ಬಿಣದ ನಾಲ್ಕು ಕಾಲು ಹಚ್ಚಿ, ತುದಿಗಳನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಕೆಂಪಗೆ ಕಾಯುವ ಮನೆತಯಾರಿಕೆಯ ಒಲೆ. ಎಷ್ಟು ಕೊಟ್ಟರೂ ಸಾಲದು ಎನ್ನುತ್ತದೆ, ಅದಕ್ಕೇ ಆ ಹೆಸರು. ಇಡೀ ಬೀದಿಗೆ ಒಂದೇ ಒಂದು ಹಳೆಯ ಟ್ರಾನ್ಸ್‌ಫಾರ್ಮರು. ಎಲ್ಲ ಮನೆಯ ಮೇಕೆಗಳೂ ಒಟ್ಟಿಗೆ ಬಾಯಿ ಹಾಕಿದರೆ ಅದರ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಫ್ಯೂಸು ಸುಟ್ಟು ಬೀದಿ ಕತ್ತಲಾಗುತ್ತಿತ್ತು. ಆ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವನು ಅಸನ್. ಸರ್ಕಾರದ ಕೆಲಸವೇನಲ್ಲ, ಬೀದಿಯವರೇ ಅವನ ಕೈಗೆ ಬೀಗದ ಕೈ ಕೊಟ್ಟಿದ್ದರು.

ಅವತ್ತು ಚಳಿ ತಡೆಯದೆ ಜನ ಹಗಲಲ್ಲೇ ಮೇಕೆ ಹಚ್ಚಿ ಮಧ್ಯಾಹ್ನವೇ ಫ್ಯೂಸು ಹೋಗಿತ್ತು. ಇಶೆನ್‌ನ ತಲೆ ಕೆಟ್ಟದ್ದಕ್ಕೆ ಕಾರಣವಿತ್ತು. ಮಗನಿಗೆ ಹೆಣ್ಣು ತಂದಿದ್ದ. ಆ ಸಂಜೆಯೇ ಹೆಣ್ಣಿನ ಅಪ್ಪ, ಚಿಕ್ಕಪ್ಪಂದಿರು, ಅವರ ಹಳ್ಳಿಯ ಹಿರಿಯರು ಮೊದಲ ಸಲ ಬೀಗರೂಟಕ್ಕೆ ಬರುವವರಿದ್ದರು. ಊಟಕ್ಕೆಂದು ಕುದುರೆ ಕಡಿದಾಗಿತ್ತು, ಹಾಸಿಗೆ ಹಾಸಿಯಾಗಿತ್ತು. ಬೀಗರು ಕತ್ತಲಲ್ಲಿ, ಕೋಟು ಹಾಕಿಕೊಂಡು ನಡುಗುತ್ತಾ ಮಾಂಸ ತಿಂದರೆ ಅವನ ಮಾನ ಏನಾಗಬೇಕು? ನಮ್ಮಲ್ಲಿ ಬೀಗರಿಗೆ ಚಳಿಯಾಯಿತು ಎಂಬ ಮಾತು ಮೂರು ತಲೆಮಾರು ಓಡಾಡುತ್ತದೆ.

ನಾನು ಅಲ್ಲಿಗೆ ಓಡಿದ್ದು ಮೈದುನನನ್ನು ಬಿಡಿಸಲಿಕ್ಕಲ್ಲ, ಸುಳ್ಳೇಕೆ ಹೇಳಲಿ. ಕರೆಂಟು ಯಾವಾಗ ಬರುತ್ತದೆ ಎಂದು ಕೇಳಲಿಕ್ಕೆ. ಮನೆಯಲ್ಲಿ ನನ್ನ ಗಂಡ ತೊಕ್ತೊಸುನ್ ಆಮ್ಲಜನಕದ ಯಂತ್ರದ ನಳಿಗೆಯನ್ನು ಮೂಗಿಗೆ ಹಚ್ಚಿಕೊಂಡು ಕೂತಿದ್ದರು. ಗಣಿಯ ಧೂಳು ತಿಂದು ತಿಂದು ಅವರ ಶ್ವಾಸಕೋಶ ಒಣಗಿದ ಜೇನುಹುಟ್ಟಿನ ಹಾಗಾಗಿದೆ ಎಂದು ಡಾಕ್ಟರು ಚಿತ್ರ ತೋರಿಸಿ ಹೇಳಿದ್ದರು. ಯಂತ್ರ ಓಡಿದರೆ ಉಸಿರು, ನಿಂತರೆ ಇಲ್ಲ. ಕರೆಂಟು ಹೋದಾಗ ಬೇಕಾಗುತ್ತದೆಂದು ಒಂದು ಹಳೆಯ ಕಾರಿನ ಬ್ಯಾಟರಿ, ಅದರ ಕರೆಂಟನ್ನು ಮನೆಯ ಕರೆಂಟಾಗಿ ಮಾಡುವ ಒಂದು ಇನ್ವರ್ಟರ್ ಪೆಟ್ಟಿಗೆ ಇಟ್ಟುಕೊಂಡಿದ್ದೆವು. ಅದು ಒಂದು ಪಾತ್ರೆ ಕುರಿಮಾಂಸ ಬೇಯುವಷ್ಟು ಹೊತ್ತು ಯಂತ್ರವನ್ನು ಓಡಿಸುತ್ತಿತ್ತು, ಅಷ್ಟೆ. ಆ ಹೊತ್ತಿನೊಳಗೆ ಕರೆಂಟು ಬರಲೇಬೇಕು. ಮೂರು ವರ್ಷದಿಂದ ನನ್ನ ಜೀವ ಆ ಯಂತ್ರದ ಗೊರಗೊರ ಸದ್ದಿಗೆ ನೇತುಬಿದ್ದಿತ್ತು. ನಿದ್ದೆಯಲ್ಲೂ ಅದು ನಿಂತರೆ ನನಗೆ ಎಚ್ಚರ.

ಅಸನ್ ಎದ್ದು, ಮೂಗು ಒರೆಸಿಕೊಂಡು, ಹೊಸ ಫ್ಯೂಸು ಹಾಕಿದ. ಅದೇ ಕೊನೆಯದು ಎಂದೂ ಹೇಳಿದ. ಕರೆಂಟು ಬಂತು. ಇಶೆನ್ ಅವನ ಕತ್ತುಪಟ್ಟಿ ಹಿಡಿದು, ಸಂಜೆ ಇನ್ನೊಂದು ಸಲ ಹೋದರೆ ನಿನ್ನನ್ನೇ ಆ ಪೆಟ್ಟಿಗೆಯೊಳಗೆ ಸಿಕ್ಕಿಸುತ್ತೇನೆ ಎಂದ. ಯಾರು ಇಷ್ಟೊಂದು ಕರೆಂಟು ನುಂಗುತ್ತಿರುವುದು, ಆ ಹೆಸರು ಹೇಳು ಎಂದು ಅಲ್ಲಾಡಿಸಿದ. ಸುತ್ತ ನಿಂತವರು ಮತ್ತೆ ಹತ್ತಿರ ಬಂದರು. ಅಸನ್ ಅವರ ಬೂಟುಗಳನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ.

"ಮೀಟರು ಕಂಬದ ಮೇಲೇ ಇವೆಯಲ್ಲ," ಎಂದ. "ಯಾರ ಅಂಕಿ ದೊಡ್ಡದಿದೆ ನೋಡ್ಕೊಳ್ಳಿ."

ಯಾರ ಅಂಕಿ ದೊಡ್ಡದು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಅಂಕಿಯ ಅರ್ಥ ಏನು ಎಂಬುದೂ ಇಬ್ಬರಿಗೂ ಗೊತ್ತಿತ್ತು. ನಮ್ಮಿಬ್ಬರಿಗೂ ಅದನ್ನು ಹೇಳಿಕೊಟ್ಟವರು ತೊಕ್ತೊಸುನ್.

ಗಣಿಯಲ್ಲಿ ಅವರು ಜನರನ್ನು ಆಳಕ್ಕೆ ಇಳಿಸಿ ಏರಿಸುವ ತೊಟ್ಟಿಲನ್ನು ಎಳೆಯುವ ಮೋಟಾರು ನೋಡಿಕೊಳ್ಳುತ್ತಿದ್ದರು. ಯಂತ್ರ ಮನೆಗೆ ಬಂದ ಹೊಸತರಲ್ಲಿ, ಬಿಲ್ಲು ನೋಡಿ ನಾನು ತಲೆಯ ಮೇಲೆ ಕೈಹೊತ್ತು ಕೂತಾಗ, ಅಸನ್ ಎದುರಿಗೇ ಉಸಿರು ಎಳೆದೆಳೆದು ವಿವರಿಸಿದ್ದರು. ನದಿಯ ಮೇಲಿನ ಹಗ್ಗದ ಸೇತುವೆ ನೆನೆಸಿಕೊಳ್ಳಿ. ಈ ಕ್ಷಣ ಸೇತುವೆಯ ಮೇಲೆ ಎಷ್ಟು ಕುರಿ ನಿಂತಿವೆ, ಅದು ವ್ಯಾಟ್. ಬೆಳಗಿನಿಂದ ಸಂಜೆವರೆಗೆ ಒಟ್ಟು ಎಷ್ಟು ದಾಟಿದವು, ಅದು ಯೂನಿಟ್ಟು. ಮೀಟರು ದಾಟಿದ ಕುರಿಗಳನ್ನು ಮಾತ್ರ ಎಣಿಸುತ್ತದೆ. ಒಂದೊಂದಾಗಿ ವರ್ಷವಿಡೀ ದಾಟಲಿ, ಸೇತುವೆಗೆ ಏನೂ ಆಗುವುದಿಲ್ಲ. ನಮ್ಮ ಯಂತ್ರಕ್ಕೆ ಮುನ್ನೂರೈವತ್ತು ವ್ಯಾಟ್ ಸಾಕು, ಆದರೆ ಅದು ಹಗಲೂ ರಾತ್ರಿ ಓಡುವುದರಿಂದ ದಿನಕ್ಕೆ ಎಂಟು ಯೂನಿಟ್ಟು. ಒಂದು ಮೇಕೆ ಮೂರು ಸಾವಿರ ವ್ಯಾಟ್ ತಿನ್ನುತ್ತದೆ, ಆದರೆ ಸಂಜೆ ಎರಡು ಗಂಟೆ ಮಾತ್ರ ಉರಿದರೆ ಆರೇ ಯೂನಿಟ್ಟು. ಬಿಲ್ಲಿನಲ್ಲಿ ನಾವು ದೊಡ್ಡವರು, ಸೇತುವೆಯ ಮೇಲೆ ನಾವು ಒಂದು ಮರಿ. ಎಲ್ಲ ಮಂದೆಗಳೂ ಒಂದೇ ಸಲ ನುಗ್ಗಿದರೆ ಏನಾಗುತ್ತೆ ಹೇಳು ಎಂದು ಅವರು ಕೇಳಿದಾಗ, ಹಗ್ಗ ಹರಿಯುತ್ತೆ ಅಣ್ಣ ಎಂದು ಥಟ್ಟನೆ ಉತ್ತರ ಕೊಟ್ಟವನು ಇದೇ ಅಸನ್.

ಗಂಡಸರು ಕಂಬದಿಂದ ಕಂಬಕ್ಕೆ ನಡೆದರು. ಕರೆಂಟು ಕದಿಯಬಾರದೆಂದು ನಮ್ಮಲ್ಲಿ ಮೀಟರುಗಳನ್ನು ಮನೆಯ ಹೊರಗೆ, ಕಂಬಕ್ಕೇ ಹೊಡೆದಿರುತ್ತಾರೆ. ಇಶೆನ್ ಮಗನ ಹೆಗಲ ಮೇಲೆ ಹತ್ತಿ ಒಂದೊಂದನ್ನೂ ಗಟ್ಟಿಯಾಗಿ ಓದಿದ. ಅವನ ಮನೆ ಹೋದ ಶರತ್ಕಾಲದಲ್ಲಿ ಕಟ್ಟಿದ್ದು, ಮೀಟರೂ ಹೊಸದು, ಅಂಕಿ ಬಹಳ ಸಣ್ಣದು. ಉಳಿದವರದೂ ಅಷ್ಟಕ್ಕಷ್ಟೆ, ಯಾಕೆಂದರೆ ಕಲ್ಲಿದ್ದಲು ಇದ್ದ ವರ್ಷಗಳಲ್ಲಿ ಒಂದು ದೀಪ, ಒಂದು ಟೀವಿ, ಅಷ್ಟೆ. ನಮ್ಮ ಕಂಬದ್ದನ್ನು ಮೊದಲು ತನ್ನಷ್ಟಕ್ಕೇ ಓದಿದ. ಆಮೇಲೆ ಮತ್ತೆ ಓದಿದ, ಎಲ್ಲರಿಗೂ ಕೇಳುವ ಹಾಗೆ.

ನಾನು ಓಡಿಹೋಗಿ ಸೇತುವೆ, ಕುರಿ, ವ್ಯಾಟ್, ಯೂನಿಟ್ಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೇಳುವವರಾರು? ಒಬ್ಬ ನಕ್ಕ. ಇನ್ನೊಬ್ಬ, ಕುರಿ ಲೆಕ್ಕ ನಮಗೆ ಹೇಳಿಕೊಡ್ತಾಳೆ ನೋಡ್ರೋ ಎಂದ. ನಾನು ಅಸನ್ ಕಡೆ ತಿರುಗಿದೆ.

"ನೀನಾದ್ರೂ ಹೇಳೋ. ನಿಂಗೆ ಗೊತ್ತಲ್ಲ."

"ನಂಗೇನ್ ಗೊತ್ತು ಅತ್ತಿಗೆ," ಎಂದ ಅವನು, ರಕ್ತ ಉಗಿದು. "ಅಂಕಿ ಅಂಕಿನೇ."

ಅವನನ್ನು ಹೆತ್ತ ತಾಯಿ ತೀರಿಕೊಂಡ ಮೇಲೆ ನಾನೇ ಅವನ ತಲೆ ಬಾಚಿದವಳು. ಆ ಬಾಯಿಗೆ ನಾನೇ ಅನ್ನ ಹಾಕಿದ್ದೆ.

ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿದರು. ಬೂಟು ಕೂಡ ಕಳಚಲಿಲ್ಲ. ಮೇಕೆ ಹುಡುಕಿದರು, ಸಿಗಲಿಲ್ಲ. ಇದ್ದರಲ್ಲವೇ ಸಿಗುವುದಕ್ಕೆ? ತೊಕ್ತೊಸುನ್ ಎದ್ದು ನಿಲ್ಲಲು ನೋಡಿದರು. ಮನೆಗೆ ಬಂದವರಿಗೆ ಎದ್ದು ನಿಲ್ಲುವ ಹಾಳು ಮರ್ಯಾದೆ ಅವರನ್ನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಇಶೆನ್ ಮೂಲೆಯಲ್ಲಿದ್ದ ಇನ್ವರ್ಟರ್ ಪೆಟ್ಟಿಗೆಯನ್ನು ಕಂಡ. ತಂತಿಗಳು, ಮಿಣಮಿಣ ಎನ್ನುವ ಹಸಿರು ದೀಪ, ಕಂಬಳಿ ಹೊದ್ದ ಬ್ಯಾಟರಿ. ಕರೆಂಟು ಕದಿಯುವ ಯಂತ್ರ ಸಿಕ್ಕಿತು ಎಂದು ಅವನ ಮುಖ ಅರಳಿತು. ಬೇಡ, ಅದು ಕತ್ತಲಾದಾಗ ಅವರ ಉಸಿರು ಎಂದು ನಾನು ಅವನ ತೋಳಿಗೆ ಜೋತುಬಿದ್ದೆ. ಅವನು ನನ್ನನ್ನು ಗೋಡೆಗೆ ಎಸೆದು, ಪಕ್ಕದವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಪೆಟ್ಟಿಗೆಯನ್ನು ಪುಡಿಪುಡಿ ಮಾಡಿದ. ಬ್ಯಾಟರಿಯ ಹೊಟ್ಟೆ ಒಡೆದು ಆಸಿಡ್ಡು ರತ್ನಗಂಬಳಿಯ ಮೇಲೆ ಹರಿಯಿತು.

"ಇಶೆನ್," ಎಂದರು ನನ್ನ ಗಂಡ, ಪದಕ್ಕೊಂದು ಉಸಿರು ತೆಗೆದುಕೊಂಡು. "ನಿನ್ ಮದುವೇಲಿ... ನಾನು ಕುದುರೆ ಹಿಡ್ಕೊಂಡಿದ್ದೆ ಕಣಪ್ಪಾ."

ಇಶೆನ್ ಹೊರಗೆ ಹೋಗಿ ನಮ್ಮ ತಂತಿ ಕತ್ತರಿಸಲು ಅಸನ್‌ಗೆ ಹೇಳಿದ. ಅಸನ್ ಕಾಲಿಗೆ ಕೊಕ್ಕೆ ಕಟ್ಟಿಕೊಂಡು ಕಂಬ ಹತ್ತತೊಡಗಿದ. ಅವನು ನನ್ನ ತಲೆಯೆತ್ತರ ಏರುವಷ್ಟರಲ್ಲಿ ನಾನು ಅವನ ಪಾದವನ್ನು ಎರಡೂ ಕೈಯಿಂದ ಹಿಡಿದು, ನನ್ನ ಮೈಭಾರವನ್ನೆಲ್ಲ ಹಾಕಿ ಜಗ್ಗಿದೆ. ಕೊಕ್ಕೆ ಜಾರಿತು. ಅವನು ನನ್ನ ಮೇಲೇ ಉರುಳಿ ಹಿಮಕ್ಕೆ ಬಿದ್ದ. ಅವನ ಹೆಗಲು ಕಳಚಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಪಾಪ ಎನಿಸಲಿಲ್ಲ. ನಾನು ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ, ಆಗಲೇ ಒಡೆದಿದ್ದ ಮೂಗಿಗೇ ಗುದ್ದಿದೆ. ಇಶೆನ್ ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಹೊಡೆದಾಗ ಎರಡು ಹಲ್ಲು ಹೊರಬಂದವು. ಬಿದ್ದಲ್ಲಿಂದಲೇ ನೋಡಿದೆ: ಅವನು ಉದ್ದ ಗಳಕ್ಕೆ ಕುಡುಗೋಲು ಕಟ್ಟಿ, ನಮ್ಮ ತಂತಿಗೆ ಸಿಕ್ಕಿಸಿ, ಜೋರಾಗಿ ಎಳೆದ. ನೀಲಿ ಕಿಡಿ ಹಾರಿತು, ತಂತಿ ಅಂಗಳಕ್ಕೆ ಬಿತ್ತು. ಗಂಡಸರು ಸಮಾಧಾನದಿಂದ ಮನೆಗೆ ಹೋದರು.

ಒಳಗೆ ಯಂತ್ರ ಸುಮ್ಮನಾಗಿತ್ತು. ತೊಕ್ತೊಸುನ್ ಎರಡೂ ಕೈಯನ್ನು ಮಂಡಿಗೆ ಊರಿ, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ತುಟಿ ನೀಲಿಗೆ ತಿರುಗುತ್ತಿತ್ತು. ಅವರು ಹೀಗೆ ಎಷ್ಟು ಹೊತ್ತು ಇರಬಲ್ಲರು ಎಂದು ನನಗೆ ಗೊತ್ತಿತ್ತು, ಹೆಚ್ಚಿಲ್ಲ. ಎಡಮನೆಯ ಬಾಗಿಲು ಬಡಿದೆ, ಚಿಲಕ ಹಾಕಿಕೊಂಡರು. ಬಲಮನೆಯವಳು ಕಿಟಕಿಯ ಪರದೆ ಎಳೆದಳು. ಇಶೆನ್‌ಗೆ ಹೆದರಿದ್ದರು. ಆಗ ನನ್ನ ತಲೆಗೆ ಹೊಳೆಯಿತು: ಇಶೆನ್ ಒಬ್ಬನೇ ಇವತ್ತು ಬಾಗಿಲು ಹಾಕಲಾರದವನು. ಬೀಗರಿಗಾಗಿ ಅವನ ಬಾಗಿಲು ಹಾರು ಹೊಡೆದಿತ್ತು.

ಸೌದೆ ಎಳೆಯುವ ಜಾರುಬಂಡಿಯ ಮೇಲೆ ಗಂಡನನ್ನು ಕೂರಿಸಿ, ಯಂತ್ರವನ್ನು ತೊಡೆಯ ಮೇಲಿಟ್ಟು ಕಂಬಳಿ ಸುತ್ತಿ, ಹಗ್ಗವನ್ನು ಎದೆಗೆ ಹಾಕಿಕೊಂಡು ಎಳೆದೆ. ಸೂರ್ಯ ಬೆಟ್ಟದ ಹಿಂದೆ ಜಾರಿದ್ದ. ಬಾಯಿಂದ ಇಳಿದ ರಕ್ತ ಗದ್ದದ ಮೇಲೆ ಹೆಪ್ಪುಗಟ್ಟಿತ್ತು. ಇಶೆನ್‌ನ ಅಂಗಳದಲ್ಲಿ ಬೀಗರ ಕಾರುಗಳು ನಿಂತಿದ್ದವು. ಪಕ್ಕದ ಸ್ನಾನದ ಮನೆಯಿಂದ ಹಬೆ ಏಳುತ್ತಿತ್ತು, ಬೀಗರಿಗೆ ಕರೆಂಟಿನಲ್ಲೇ ಬಿಸಿನೀರು ಕಾಯುತ್ತಿತ್ತು. ಹೊಸ್ತಿಲಲ್ಲಿ ಸಾಲುಸಾಲಾಗಿ ಬಿಟ್ಟ ಬೂಟುಗಳನ್ನು ದಾಟಿ, ಗಂಡನನ್ನು ಕಂಕುಳಿಗೆ ಕೈಹಾಕಿ ಎತ್ತಿಕೊಂಡು, ನಾನು ನೇರವಾಗಿ ಒಳಗೆ ನಡೆದೆ.

ಇಡೀ ಹಜಾರ ಬೆಚ್ಚಗಿತ್ತು. ನಾಲ್ಕೂ ಮೂಲೆಯಲ್ಲಿ ಮೇಕೆಗಳು ಕೆಂಪಗೆ ಉರಿಯುತ್ತಿದ್ದವು. ಮಾತು ನಿಂತಿತು. ಬಾಗಿಲಿಗೆ ಎದುರಾಗಿ, ಗೌರವದ ಮೇಲಿನ ಜಾಗದಲ್ಲಿ, ಹೆಣ್ಣಿನ ಅಪ್ಪ ಕೂತಿದ್ದರು. ಬಿಳಿ ಗಡ್ಡದ, ದೊಡ್ಡ ಮೈಯ ಮನುಷ್ಯ. ಅವರು ನನ್ನ ಬಾಯಿ ನೋಡಿದರು, ನನ್ನ ಗಂಡನ ತುಟಿಯ ಬಣ್ಣ ನೋಡಿದರು, ಏನೂ ಕೇಳದೆ ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ನಾನು ಗಂಡನನ್ನು ಅಲ್ಲಿ ಕೂರಿಸಿ, ಊಟಕ್ಕೆ ಹಾಸಿದ್ದ ದಸ್ತರಖಾನದ ಬಟ್ಟೆಯ ಮೇಲಿದ್ದ ರೊಟ್ಟಿಯ ಚೂರು ಮುರಿದು ಅವರ ಬಾಯಿಗಿಟ್ಟೆ. ಮುಗಿಯಿತು. ರೊಟ್ಟಿ ಮುರಿದ ಮೇಲೆ ನಮ್ಮಲ್ಲಿ ವೈರಿಯೂ ಅತಿಥಿ. ಅವನನ್ನು ಎಬ್ಬಿಸಿದರೆ ಮನೆಯವನು ಬದುಕಿದ್ದೂ ಸತ್ತಂತೆ. ಒಂದು ಮೇಕೆಯ ಪ್ಲಗ್ಗು ಕಿತ್ತು ಯಂತ್ರದ್ದನ್ನು ಸಿಕ್ಕಿಸಿದೆ. ಗೊರಗೊರ ಎಂದಿತು. ಆ ಸದ್ದು ಕೇಳಿದ ಮೇಲೆ ಅವರ ಪಕ್ಕ ಕೂತೆ.

ಇಶೆನ್ ಹಲ್ಲು ಕಚ್ಚಿ ನಕ್ಕ. ಬನ್ನಿ ಅಣ್ಣ, ಬಹಳ ಸಂತೋಷ ಎಂದ. ಆ ಸಂತೋಷಕ್ಕೆ ಅವನ ಕತ್ತಿನ ನರ ಉಬ್ಬಿತ್ತು.

ಸ್ವಲ್ಪ ಹೊತ್ತಿಗೆ ತೊಕ್ತೊಸುನ್‌ರ ತುಟಿಗೆ ಬಣ್ಣ ಬಂತು. ಬೀಗರಿಗೆ ಸಲಾಮು ಹೇಳಿದರು, ಮದುಮಗಳನ್ನು ಹರಸಿದರು. ಆಮೇಲೆ ಇಶೆನ್‌ನನ್ನು ಹತ್ತಿರ ಕರೆದು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಮೇಕೆ ಎಲ್ಲಾ ಒಟ್ಗೆ ಬೇಡ. ಎರಡು ಆರ್ಸು. ಸ್ನಾನದ ಮನೇದೂ ಆರ್ಸು. ಇಲ್ದಿದ್ರೆ ಫ್ಯೂಸು ತಡ್ಕೊಳಲ್ಲ."

"ಬೀಗರ ಮುಂದೆ ಒಲೆ ಆರಿಸ್ಲಾ?" ಎಂದ ಇಶೆನ್. "ಕದ್ದು ತಿಂತಿದ್ದ ಮನೆ ಕತ್ತರಿಸಿ ಹಾಕಿದೀನಿ. ಇನ್ನೇನೂ ಆಗಲ್ಲ, ಊಟ ಮಾಡಿ."

ಅವನು ನಿಜವಾಗಿಯೂ ಹಾಗೇ ನಂಬಿದ್ದ. ಇಡೀ ಬೀದಿ ನಂಬಿತ್ತು. ಕಳ್ಳರ ತಂತಿ ಕತ್ತರಿಸಿ ಆಯಿತಲ್ಲ, ಇನ್ನು ನಮಗೆ ಬೇಕಾದಷ್ಟು ಎಂದು ಒಂದು ಮೇಕೆ ಹಚ್ಚುತ್ತಿದ್ದವರು ಎರಡು ಹಚ್ಚಿದರು. ತಟ್ಟೆಗೆ ಮಾಂಸ ಬೀಳುವ ಮೊದಲೇ ದೀಪ ಕಂದಿತು, ಒಮ್ಮೆ ಮಿನುಗಿತು, ಹೋಯಿತು. ಯಂತ್ರ ನಿಂತಿತು.

ಕತ್ತಲಲ್ಲಿ ಇಶೆನ್ ಬೈಯುತ್ತಾ ಹೊರಗೆ ಓಡಿದ, ಅವನ ಹಿಂದೆ ನಾನು. ಅಸನ್ ಆಗಲೇ ಪೆಟ್ಟಿಗೆಯ ಹತ್ತಿರ ಇದ್ದ, ಒಂದು ತೋಳನ್ನು ಬೆಲ್ಟಿನಿಂದ ಎದೆಗೆ ಬಿಗಿದುಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು. ಇಶೆನ್ ಬೇಲಿಯಿಂದ ಬೆರಳುದಪ್ಪದ ತಂತಿ ಕಿತ್ತು ಅವನ ಮುಂದೆ ಎಸೆದ. ಇದನ್ನು ಹಾಕು, ಇದು ಹೇಗೆ ಸುಡುತ್ತೆ ನೋಡೋಣ ಎಂದು ಹೇಳಿ ಬೀಗರ ಹತ್ತಿರ ಓಡಿದ. ಫ್ಯೂಸು ಸುಡುವುದೇ ಟ್ರಾನ್ಸ್‌ಫಾರ್ಮರು ಸುಡದಿರಲಿ ಎಂದು. ಬೇಲಿಯ ತಂತಿ ಹಾಕಿದರೆ ಅದು ಸುಡುವುದಿಲ್ಲ ನಿಜ, ಮೇಲಿನದು ಸುಡುತ್ತದೆ.

ಅಸನ್ ಟಾರ್ಚನ್ನು ಬಾಯಿಂದ ತೆಗೆದ.

"ಫ್ಯೂಸು ಇಲ್ಲ ಅತ್ತಿಗೆ, ಮುಗ್ದಿದೆ. ಇದನ್ನ ಹಾಕಿದ್ರೆ ಅಣ್ಣ ಈಗ ಉಸಿರಾಡ್ತಾನೆ. ಆಮೇಲೆ ಏನಾಗುತ್ತೆ ನಿಂಗೂ ಗೊತ್ತು. ಹಾಕ್ಲಾ, ಬೇಡ್ವಾ?"

ಈ ಮಾತನ್ನು ಮಧ್ಯಾಹ್ನ ಹೇಳಿದ್ದರೆ ಆಗುತ್ತಿತ್ತಲ್ಲೋ ಎಂದು ಹೇಳಬೇಕೆನಿಸಿತು. ಹೇಳಲು ಹೊತ್ತಿರಲಿಲ್ಲ.

"ಹಾಕು," ಎಂದೆ. "ನಾನು ಮನೆಮನೆ ಆರಿಸ್ಕೊಂಡು ಬರ್ತೀನಿ."

ಅವನು ಹಾಕಿದ. ಬೀದಿಯೆಲ್ಲ ಬೆಳಗಿತು. ಮನೆಗಳಿಂದ ಹೋ ಎಂಬ ಕೂಗು ಕೇಳಿತು, ಗೆದ್ದವರ ಹಾಗೆ. ನಾನು ಇಶೆನ್‌ನ ಸೌದೆರಾಶಿಯಿಂದ ಕೊಡಲಿ ಎತ್ತಿಕೊಂಡು ಓಡಿದೆ. ಮೊದಲ ಮನೆಯಲ್ಲಿ ಬಾಯಿಮಾತಿಗೆ ಆರಿಸಿದರು. ಎರಡನೆಯ ಮನೆಯಲ್ಲಿ ಗಂಡಸು ಅಡ್ಡ ನಿಂತ, ಕೊಡಲಿಯ ಹಿಂಬದಿಯಿಂದ ಅವನ ಮಂಡಿಗೆ ಕೊಟ್ಟೆ, ಮೇಕೆಯನ್ನು ಕಡಿದು ಎರಡು ಮಾಡಿದೆ. ಮುಂದಿನ ಮನೆಯಲ್ಲಿ ಹೆಂಗಸರು ನನ್ನ ಜಡೆ ಹಿಡಿದು ಹೊರಗೆ ಎಳೆದುಹಾಕಿ ಅಗಳಿ ಹಾಕಿಕೊಂಡರು. ಬಾಗಿಲು ಕಡಿದೆ, ತೆರೆಯಲಿಲ್ಲ. ಕೂಗಿಕೊಂಡೆ, ಬೇಡಿಕೊಂಡೆ, ಅವರ ಏಳು ತಲೆಮಾರಿಗೆ ಶಾಪ ಹಾಕಿದೆ. ಒಬ್ಬಳಿಂದ ಎಷ್ಟು ಮನೆ ಆರಿಸಲಿಕ್ಕಾದೀತು? ತಲೆಯ ಮೇಲೆ ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುವ ಸದ್ದು ಏರುತ್ತಲೇ ಇತ್ತು. ಸುಟ್ಟ ಎಣ್ಣೆಯ ವಾಸನೆ ಬಂತು.

ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ಇಶೆನ್‌ನ ಸ್ನಾನದ ಮನೆ. ಅಲ್ಲಿಗೆ ಓಡಿ, ಗೋಡೆಯ ಮೇಲೆ ಹೋಗಿದ್ದ ದಪ್ಪ ಕೇಬಲ್ಲಿಗೆ ಕೊಡಲಿ ಬೀಸಿದೆ. ಬೆಂಕಿಯ ಉಂಡೆಯೊಂದು ಮುಖಕ್ಕೆ ಹಾರಿ ನನ್ನನ್ನು ಅಂಗಳದ ಆಚೆಗೆ ಎಸೆಯಿತು. ಕೈಯ ಚರ್ಮ ಕೊಡಲಿಯ ಹಿಡಿಗೇ ಅಂಟಿಕೊಂಡು ಉಳಿಯಿತು. ಅಂಗಾತ ಬಿದ್ದು ನಾನು ಆಕಾಶ ನೋಡುತ್ತಿರುವಾಗಲೇ ಬೀದಿಯ ತುದಿಯಲ್ಲಿ ಟ್ರಾನ್ಸ್‌ಫಾರ್ಮರು ಸಿಡಿಯಿತು. ನೆಲ ಅದುರಿತು. ಉರಿಯುವ ಎಣ್ಣೆ ಹಿಮದ ಮೇಲೆ, ಬೇಲಿಯ ಮೇಲೆ, ಯಾರದೋ ಹುಲ್ಲಿನ ಮೆದೆಯ ಮೇಲೆ ಸುರಿಯಿತು. ದೀಪಗಳು ಹೋದವು. ಈ ಸಲ ಮತ್ತೆ ಬರುವ ಹಾಗಿರಲಿಲ್ಲ.

ನಾನು ಒಳಗೆ ಹೋದಾಗ ಯಾರೋ ಮೇಣದಬತ್ತಿ ಹಚ್ಚಿದ್ದರು. ಹೆಣ್ಣಿನ ಅಪ್ಪ ನನ್ನ ಗಂಡನನ್ನು ತಮ್ಮ ಎದೆಗೆ ಒರಗಿಸಿಕೊಂಡು, ಉಸಿರಾಡಲು ಅನುಕೂಲವಾಗಲೆಂದು ತೋಳಿನಡಿ ಹಿಡಿದು ಎತ್ತಿದ್ದರು. ಕಾರಿನ ಬ್ಯಾಟರಿ ತರಿಸುತ್ತೇನೆ ಮಗಳೇ, ಅದನ್ನು ಹಚ್ಚುವ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ನಾನು ಇಶೆನ್‌ನನ್ನು ನೋಡಿದೆ. ಆಗ ಮಾತ್ರ ಅವನಿಗೆ ಅರ್ಥವಾಯಿತು, ಮಧ್ಯಾಹ್ನ ತಾನು ಸುತ್ತಿಗೆಯಿಂದ ಒಡೆದದ್ದು ಏನನ್ನು ಎಂದು.

ತೊಕ್ತೊಸುನ್ ನನ್ನ ಸುಟ್ಟ ಕೈ ನೋಡಿ ಏನೋ ಹೇಳಲು ಹೋದರು. ಕೈ ಕೇಳಿದರು ಅನಿಸಿತು, ಕೊಟ್ಟೆ. ಅದರ ಮೇಲೆ ಊದಿದರು, ಮಕ್ಕಳ ಗಾಯಕ್ಕೆ ಊದುವ ಹಾಗೆ. ತಮಗೇ ಇಲ್ಲದ ಉಸಿರನ್ನು ನನ್ನ ಕೈಗೆ ಊದಿದರು. ಬೇಡ, ಬೇಡ ಎಂದು ನಾನು ಚೀರಿಕೊಂಡೆ. ಮೂರನೆಯ ಸಲ ಊದಲು ಎಳೆದುಕೊಂಡ ಉಸಿರು ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತು. ತೊಕ್ತೊಸುನ್‌ರನ್ನು ಪದ್ಧತಿಯಂತೆ ಅದರೊಳಗೆ, ಪರದೆಯ ಹಿಂದೆ ಮಲಗಿಸಿದರು. ನಾನು ಕರಿ ಉಟ್ಟು, ಜನರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತೆ. ಬಾಗಿಲ ಹೊರಗೆ ಅಸನ್ ನಿಂತ. ತಮ್ಮನಾದವನು ಕೋಲೂರಿ, ತಲೆ ತಗ್ಗಿಸಿ, ಬರುವವರಿಗೆಲ್ಲ ಅಳುತ್ತಾ ನಿಲ್ಲಬೇಕು. ಅವನ ಅಳು ನಿಜದ್ದೇ. ಕೇಳಿ ನನ್ನ ಮನಸ್ಸು ಎಳ್ಳಷ್ಟೂ ಕರಗಲಿಲ್ಲ.

ನಮ್ಮಲ್ಲಿ ವಿಧವೆ ಹಾಡಿ ಅಳಬೇಕು. ಹಾಡಿನಲ್ಲಿ ಏನು ಬೇಕಾದರೂ ಹೇಳಬಹುದು, ಯಾರ ಹೆಸರನ್ನಾದರೂ ಎತ್ತಬಹುದು. ಹಿರಿಯರಾಗಲಿ ಮುಲ್ಲಾ ಆಗಲಿ ಅವಳ ಬಾಯಿ ಮುಚ್ಚಿಸುವ ಹಾಗಿಲ್ಲ. ಎಲ್ಲರೂ ಗಂಡನ ಗುಣ ಹಾಡುತ್ತಾರೆ, ಕುದುರೆ ಸವಾರಿ, ಧಾರಾಳ ಕೈ. ನಾನು ವ್ಯಾಟ್ ಹಾಡಿದೆ. ಒಡೆದ ಬಾಯಿಯಿಂದ, ಹಲ್ಲಿಲ್ಲದ ಸಂದಿನಲ್ಲಿ ಗಾಳಿ ಹೋಗುತ್ತಿರುವಾಗಲೇ ಹಾಡಿದೆ. ನನ್ನ ದೊರೆಗೆ ಬೇಕಿದ್ದದ್ದು ಮುನ್ನೂರೈವತ್ತು, ಅಯ್ಯೋ ನನ್ನ ದೊರೆಯೇ. ಎಡಮನೆಯವರಿಗೆ ಮೂರು ಸಾವಿರ, ಬಲಮನೆಯವರಿಗೆ ಆರು ಸಾವಿರ. ಒಂದೊಂದು ಮನೆಯ ಹೆಸರೂ ಹೇಳಿದೆ. ಹೆಸರು ಬಂದವರು ಹೊರಗೆ ಇನ್ನೂ ಜೋರಾಗಿ ಅತ್ತರು, ಬೇರೇನು ಮಾಡಿಯಾರು? ಅರ್ಥವಾಗಲಿಲ್ಲವೆಂದು ಯಾರೂ ನಗಲಿಲ್ಲ.

ಆಗ ದೂರದಿಂದ, ಅಯ್ಯೋ ಅಣ್ಣಾ, ನನ್ನ ಬೆಟ್ಟದಂಥ ಅಣ್ಣಾ ಎಂದು ಕೂಗುತ್ತಾ ಒಬ್ಬನು ಬರುವುದು ಕೇಳಿಸಿತು. ದನಿ ಗುರುತು ಸಿಕ್ಕಿತು. ಇಶೆನ್. ನಾನು ಹಾಡು ನಿಲ್ಲಿಸಿದೆ. ಬೀದಿಯ ಜನವೆಲ್ಲ ಕಿವಿ ಕೊಟ್ಟು ನಿಂತಿದ್ದು ಬೆನ್ನಿಗೆ ತಿಳಿಯುತ್ತಿತ್ತು. ಹಾಡಲಿಲ್ಲ, ಅಂಗಡಿಯಲ್ಲಿ ಎದುರಾದವರನ್ನು ಕೇಳುವ ಹಾಗೆ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದೆ.

"ಇಶೆನ್, ನಿನ್ ಬೀಗರಿಗೆ ಬೆಚ್ಚಗಾಯ್ತಾ?"

ಅವನ ಅಳು ನಿಂತಿತು. ಆಮೇಲೆ ಬಂದದ್ದು ಕೋಲಿನ ಸದ್ದು. ಮೊದಲ ಏಟು ಮೂಳೆಗೆ ಬಿದ್ದದ್ದು, ಕಂಬಳಿಯ ಗೋಡೆಯ ಈಚೆಗೂ ಕೇಳಿಸಿತು. ಅಸನ್ ಒಂದೇ ಕೈಯಿಂದ, ಅಳುವವರು ಊರಿಕೊಳ್ಳುವ ಕೋಲಿನಿಂದ ಹೊಡೆಯುತ್ತಿದ್ದ. ಪ್ರತಿ ಏಟಿಗೂ ನಂಗೆ ಗೊತ್ತಿತ್ತು, ನಂಗೆ ಗೊತ್ತಿತ್ತು ಎಂದು ಅರಚುತ್ತಿದ್ದ. ಇಶೆನ್ ಕೈ ಅಡ್ಡ ಹಿಡಿಯಲಿಲ್ಲವಂತೆ, ಹಾಗೇ ಮಂಡಿಯೂರಿದನಂತೆ, ಆಮೇಲೆ ನೋಡಿದವರು ಹೇಳಿದರು. ಒಬ್ಬರೂ ಬಿಡಿಸಲು ಮುಂದೆ ಬರಲಿಲ್ಲ. ಪಕ್ಕದ ಹೆಂಗಸು ನನ್ನ ತೋಳು ಹಿಡಿದು, ನೀನು ಹೇಳಿದರೆ ಮಾತ್ರ ನಿಲ್ಲಿಸುತ್ತಾನೆ, ಹೇಳು ಎಂದು ಅಂಗಲಾಚಿದಳು.

ಹೇಳಬಹುದಿತ್ತು. ಆ ಕೋಲು ಮೊದಲು ಹೊಡೆಯುವವನ ತಲೆಯ ಮೇಲೆಯೇ ಬೀಳಬೇಕಿತ್ತು, ಅದನ್ನಾದರೂ ಹೇಳಬಹುದಿತ್ತು. ನಾನು ಸುಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಉಳಿದ ಮನೆಗಳ ಹೆಸರು ಹಾಡತೊಡಗಿದೆ.